ಲಗ್ನಪತ್ರಿಕೆ ಅನುಮತಿ ಕೇಳುವುದಿಲ್ಲ

ಕಳೆದ ಇಂಟರ್ನ್‌ಶಿಪ್ ಅವಧಿಯಲ್ಲಿ ಖಾನಾಪುರದ ಒಂದು ಪ್ರೌಢಶಾಲೆಗೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಿಸಲು ಹೋಗಿದ್ದೆ. ಒಂಬತ್ತನೆಯ ತರಗತಿ, ಕನ್ನಡ, ಪತ್ರಲೇಖನ. ವ್ಯಾವಹಾರಿಕ ಪತ್ರ, ಖಾಸಗಿ ಪತ್ರ ಮುಗಿಸಿ ಕೊನೆಯ ಹದಿನೈದು ನಿಮಿಷವನ್ನು ಅವರು ಇ-ಮೇಲ್‌ಗೆ ಮೀಸಲಿಟ್ಟಿದ್ದರು. ಗೋಡೆಗೆ ಚಾರ್ಟ್ ತೂಗುಹಾಕಿದರು. ‘ಅಪರಿಚಿತರಿಂದ ಬಂದ ಇ-ಮೇಲ್ ತೆರೆಯಬೇಡಿ. ಅದರ ಲಗತ್ತು ಡೌನ್‌ಲೋಡ್ ಮಾಡಬೇಡಿ. ಒಟಿಪಿ ಯಾರಿಗೂ ಹೇಳಬೇಡಿ.’ ಹೀಗೆ ಏಳೆಂಟು ಬೇಡಿಗಳು. ಮಕ್ಕಳು ಒಕ್ಕೊರಲಿನಿಂದ ಓದಿದರು. ಮೌಲ್ಯಮಾಪನದ ಹಂತದಲ್ಲಿ ಕೇಳಿದ ಮೂರು ಪ್ರಶ್ನೆಗಳಿಗೂ ಉತ್ತರ ಬಂತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಸಮಕಾಲೀನ ವಿಷಯ, ಬೋಧನೋಪಕರಣ ಸ್ಪಷ್ಟ, ಕಪ್ಪುಹಲಗೆಯ ಬಳಕೆ ಉತ್ತಮ’ ಎಂದು ಬರೆದು ಅಂಕ ಹಾಕಿದೆ.

ಗಂಟೆ ಬಾರಿಸಿದ ಮೇಲೆ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಟೀಚರ್, ನಮ್ಮ ಮನ್ಯಾಗ ಯಾರ್ದೂ ಇ-ಮೇಲ್ ಇಲ್ರಿ. ನಮ್ಮ ಕಾಕಾಗ ವಾಟ್ಸಾಪ್‌ನ್ಯಾಗ ಲಗ್ನಪತ್ರಿಕಿ ಬಂದಿತ್ರಿ. ಗುರ್ತಿನವರ ನಂಬರಿಂದನ ಬಂದಿತ್ತು. ತೆಗದ್ರು, ರೊಕ್ಕ ಹೋತು.”

ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಆಮೇಲೆ ಅವರೇ ಸಾವರಿಸಿಕೊಂಡು, “ಕಾಕಾ ಆಗ ಯಾರಿಗಾದ್ರೂ ಹೇಳಿದ್ರೇನಪಾ?” ಎಂದು ಕೇಳಿದರು.

“ಯಾರಿಗೂ ಹೇಳಿರ್ಲಿಲ್ರಿ. ಕಾಕೂಗೂ ಹೇಳಿರ್ಲಿಲ್ಲ, ಬೈತಾರಂತ. ಆಮ್ಯಾಲೆ ಕಾಕಾನ ನಂಬರಿಂದ ಎಲ್ಲಾರಿಗೂ ಅದ ಪತ್ರಿಕಿ ಹೋತು. ಆಗ ಗೊತ್ತಾತ್ರಿ.”

ಚಾರ್ಟಿನ ಮೊದಲ ಸಾಲೇ ಆ ಹುಡುಗನ ಮನೆಗೆ ಅನ್ವಯಿಸುತ್ತಿರಲಿಲ್ಲ. ಕಡತ ಬಂದದ್ದು ಇ-ಮೇಲ್‌ನಲ್ಲಿ ಅಲ್ಲ, ಅಪರಿಚಿತರಿಂದಲೂ ಅಲ್ಲ. ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ವಾಪಸಾಗುವಾಗ ಆ ಪ್ರಶಿಕ್ಷಣಾರ್ಥಿ ಬಹಳ ಹೊತ್ತು ಸುಮ್ಮನಿದ್ದು, “ಮೇಡಂ, ನಾ ಏನ್ ತಪ್ಪ ಮಾಡಿದೆ? ಎಲ್ಲಾ ಕಡೆ ಹಿಂಗ ಹೇಳ್ತಾರಲ್ರಿ” ಎಂದರು. ನಿಜ, ಎಲ್ಲ ಕಡೆ ಹೀಗೆಯೇ ಹೇಳುತ್ತಾರೆ. ತಪ್ಪು ಅವರದಲ್ಲ. ಅವರ ಪಾಠ ಯೋಜನೆಗೆ ಸಹಿ ಹಾಕಿದವಳು ನಾನು.

ಅಪಾಯದ ಲಗತ್ತುಗಳ ಬಗ್ಗೆ ನಮ್ಮ ಬೋಧನಾಭ್ಯಾಸದಲ್ಲಿ ನಡೆಯುವ ಪಾಠಗಳು ಸ್ಮರಣೆಯ ಪಾಠಗಳಾಗಿವೆ ಎಂಬುದು ನನ್ನ ಆಕ್ಷೇಪ. ‘ವಿದ್ಯಾರ್ಥಿಯು ಸುರಕ್ಷತಾ ನಿಯಮಗಳನ್ನು ಜ್ಞಾಪಿಸಿಕೊಳ್ಳುವನು’ ಎಂದು ಉದ್ದೇಶ ಬರೆಯುತ್ತೇವೆ, ಜ್ಞಾಪಿಸಿಕೊಂಡದ್ದನ್ನೇ ಅಳೆಯುತ್ತೇವೆ. ಕಲಿಸಬೇಕಾದದ್ದು ಎರಡು ಅಭ್ಯಾಸಗಳನ್ನು: ತಡೆದು ಮರುಪ್ರಶ್ನೆ ಕೇಳುವುದು ಮತ್ತು ಎಡವಿದ ಕೂಡಲೇ ಬಾಯಿ ಬಿಡುವುದು. ಈ ಎರಡಕ್ಕೂ ನಮ್ಮ ಶಾಲೆ, ಕಾಲೇಜು, ಕಚೇರಿಗಳಲ್ಲಿ ಜಾಗ ಕಡಿಮೆ. ಇದನ್ನು ಹೇಳಲು ನನಗೆ ಸ್ವಂತ ಕಾರಣವೂ ಇದೆ.

ಕೆಲವು ವರ್ಷಗಳ ಹಿಂದೆ, ನಾನು ಬೇರೆ ಕಾಲೇಜಿನಲ್ಲಿದ್ದಾಗ, ಆಂತರಿಕ ಅಂಕ ಕಳುಹಿಸುವ ದಿನಗಳಲ್ಲಿ ವಿಭಾಗದ ಇ-ಮೇಲ್‌ಗೆ ಒಂದು ಪತ್ರ ಬಂತು. ‘ತಿದ್ದುಪಡಿ ಪಟ್ಟಿ, ಅತಿ ಜರೂರು, ಇಂದೇ ಖಚಿತಪಡಿಸಿ’ ಎಂಬರ್ಥದ ಶೀರ್ಷಿಕೆ. ಕಳುಹಿಸಿದವರ ಜಾಗದಲ್ಲಿ ನಾವು ದಿನವೂ ವ್ಯವಹರಿಸುವ ಒಬ್ಬರ ಹೆಸರು. ಹೆಸರಿನ ಹಿಂದಿದ್ದ ವಿಳಾಸವನ್ನು ನಾನು ನೋಡಲಿಲ್ಲ. ಜಿಪ್ ಕಡತ ಬಿಚ್ಚಿದರೆ ಒಳಗೆ ಪಿಡಿಎಫ್‌ನ ಕೆಂಪು ಚಿತ್ರವಿದ್ದ ಒಂದು ಕಡತ. ಎರಡು ಸಲ ಒತ್ತಿದೆ. ಏನೂ ತೆರೆದುಕೊಳ್ಳಲಿಲ್ಲ. ಸರಿ, ಮತ್ತೆ ಕಳುಹಿಸುತ್ತಾರೆ ಎಂದುಕೊಂಡು ಚಹಾ ಕುಡಿಯಲು ಹೋದೆ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನ ಕಡತಗಳು ಒಂದೊಂದಾಗಿ ತೆರೆಯುವುದು ನಿಂತವು. ಹೆಸರುಗಳ ಕೊನೆಗೆ ಅರ್ಥವಿಲ್ಲದ ಬಾಲ ಸೇರಿಕೊಂಡಿತ್ತು. ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂಬ ಇಂಗ್ಲಿಷ್ ಚೀಟಿ ಪ್ರತಿ ಫೋಲ್ಡರಿನಲ್ಲೂ ಕುಳಿತಿತ್ತು. ನನಗೆ ಆಗಲೇ ಅನುಮಾನ ಬಂದಿತ್ತು. ಆದರೂ ಸಂಜೆಯವರೆಗೆ ಯಾರಿಗೂ ಹೇಳಲಿಲ್ಲ. ‘ವೈರ್ ಸಡಿಲಾಗಿರಬೇಕು’ ಎಂದು ಅಟೆಂಡರ್‌ಗೆ ಹೇಳಿದ್ದು ಇವತ್ತಿಗೂ ನೆನಪಿದೆ. ಅಷ್ಟರಲ್ಲಿ ಹಂಚಿಕೆಯ ಫೋಲ್ಡರಿನ ದಾರಿ ಹಿಡಿದು ಅದು ಕಚೇರಿಯ ಕಂಪ್ಯೂಟರಿಗೂ ಹೋಗಿತ್ತು. ಮೊದಲ ಹತ್ತು ನಿಮಿಷದಲ್ಲಿ ನೆಟ್‌ವರ್ಕ್ ತಂತಿ ಕಿತ್ತು ‘ನನ್ನಿಂದ ಹೀಗಾಗಿದೆ’ ಎಂದು ಕೂಗಿದ್ದರೆ ಕಚೇರಿಯ ಪ್ರವೇಶಾತಿ ಕಡತಗಳು ಉಳಿಯುತ್ತಿದ್ದವೇನೋ. ಎರಡು ಬ್ಯಾಚುಗಳ ಬೋಧನಾಭ್ಯಾಸದ ಅಂಕಗಳನ್ನು ವೀಕ್ಷಣಾ ಪುಸ್ತಕಗಳಿಂದ ಮತ್ತೆ ತುಂಬಿಸಿದೆವು. ಕಾಗದದ ಪುಸ್ತಕ ಯಾಕೆ ಬೇಕು ಎಂದು ವಾದಿಸುತ್ತಿದ್ದವಳು ನಾನೇ. ಆ ವಾದವನ್ನು ಅಂದಿಗೆ ಕೈಬಿಟ್ಟೆ.

ಕಂಪ್ಯೂಟರ್ ಬಲ್ಲ ಗೆಳತಿಯೊಬ್ಬರು ಆಮೇಲೆ ತೋರಿಸಿಕೊಟ್ಟರು. ಆ ಕಡತದ ಪೂರ್ತಿ ಹೆಸರಿನಲ್ಲಿ ಪಿಡಿಎಫ್ ಎಂಬುದರ ನಂತರ ಇನ್ನೊಂದು ಚುಕ್ಕೆ, ಅದರಾಚೆ ಇಎಕ್ಸ್‌ಇ ಎಂದಿತ್ತು. ಎಂದರೆ ಅದು ಓದುವ ಕಾಗದವಲ್ಲ, ಓಡುವ ಪ್ರೋಗ್ರಾಂ. ವಿಂಡೋಸ್ ತಾನಾಗಿ ಆ ಕೊನೆಯ ತುಂಡನ್ನು ಬಚ್ಚಿಡುತ್ತದೆ. ಅದನ್ನು ಕಾಣುವಂತೆ ಮಾಡುವ ಆಯ್ಕೆ ಇದೆ, ಆದರೆ ನಮ್ಮ ಎಷ್ಟು ಪ್ರಯೋಗಾಲಯಗಳಲ್ಲಿ ಅದನ್ನು ಬಳಸಿದ್ದೇವೆ?

ಇದು ಹೊಸ ಉಪಾಯವೂ ಅಲ್ಲ. 2000ದ ಮೇ ತಿಂಗಳ ಮೊದಲ ವಾರದಲ್ಲಿ ‘ಐ ಲವ್ ಯೂ’ ಎಂಬ ಶೀರ್ಷಿಕೆಯ ಇ-ಮೇಲ್ ಫಿಲಿಪ್ಪೀನ್ಸ್‌ನಿಂದ ಹೊರಟು ಲೋಕವನ್ನೆಲ್ಲ ಸುತ್ತಿತು. ಲಗತ್ತಿನ ಹೆಸರು ‘ನಿನಗೊಂದು ಪ್ರೇಮಪತ್ರ’ ಎಂಬಂತಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಟಿಎಕ್ಸ್‌ಟಿ ಎಂಬ ಬಾಲ, ಅದರ ಹಿಂದೆ ಅಡಗಿದ್ದದ್ದು ವಿಬಿಎಸ್ ಎಂಬ ಇನ್ನೊಂದು. ತೆರೆದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದು ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಆದ್ದರಿಂದ ಬಹಳ ಜನಕ್ಕೆ ಬಂದದ್ದು ಪರಿಚಿತರಿಂದಲೇ. ‘ಅಪರಿಚಿತರ ಕಡತ ತೆರೆಯಬೇಡಿ’ ಎಂಬ ನಿಯಮ ಸಾಲದು ಎಂದು ಲೋಕಕ್ಕೆ ಗೊತ್ತಾಗಿ ಇಷ್ಟು ಕಾಲವಾಯಿತು. ನಮ್ಮ ಚಾರ್ಟುಗಳಲ್ಲಿ ಅದಿನ್ನೂ ಮೊದಲ ಸಾಲಿನಲ್ಲಿದೆ. (ಆ ಪ್ರೋಗ್ರಾಂ ಬರೆದ ಯುವಕ, ಅಂತರ್ಜಾಲದ ಗುಪ್ತಪದಗಳನ್ನು ಕದಿಯುವ ಬಗ್ಗೆಯೇ ಪ್ರಬಂಧ ಬರೆಯಲು ಹೊರಟಿದ್ದ, ಅವನ ಕಾಲೇಜು ಅದನ್ನು ತಿರಸ್ಕರಿಸಿತ್ತು. ಪ್ರಬಂಧದ ಪ್ರಸ್ತಾವಗಳನ್ನು ತಿದ್ದುವ ನನಗೆ ಇದು ಆಗಾಗ ನೆನಪಾಗುತ್ತದೆ.)

ಅಪರಿಚಿತರ ಕಡತ ತೆರೆಯುವುದೇ ಕೆಲಸವಾಗಿರುವವರೂ ಇದ್ದಾರೆ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8 ಕೋಟಿ 10 ಲಕ್ಷ ಡಾಲರ್ ಕದ್ದವರು ಒಳನುಗ್ಗಲು ಕಳುಹಿಸಿದ್ದು ಕೆಲಸ ಕೇಳುವ ಅರ್ಜಿಗಳನ್ನು. ಅರ್ಜಿ ಬಂದರೆ ನೋಡಬೇಕಾದದ್ದು ಕಚೇರಿಯವರ ಕರ್ತವ್ಯ. ನಮ್ಮ ಮುಖ್ಯ ಶಿಕ್ಷಕರು, ಗುಮಾಸ್ತರು, ಅತಿಥಿ ಶಿಕ್ಷಕರ ಅರ್ಜಿ ನೋಡುವವರು ಎಲ್ಲರೂ ಇದೇ ಸ್ಥಿತಿಯಲ್ಲಿದ್ದಾರೆ. ‘ತೆರೆಯಬೇಡಿ’ ಎಂದರೆ ಅವರು ನಗುತ್ತಾರೆ. ತೆರೆಯುವ ಮೊದಲು ಏನು ನೋಡಬೇಕು ಎಂಬುದನ್ನು ಹೇಳಿದರೆ ಕೇಳುತ್ತಾರೆ.

ಏನು ನೋಡಬೇಕು? ನಾನು ಕನ್ನಡ ಬೋಧನಾ ಪದ್ಧತಿ ಕಲಿಸುವವಳು. ನನಗೆ ಹೊಳೆದದ್ದು ವ್ಯಾಕರಣದ ದಾರಿ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥ ಪ್ರಧಾನ ಎಂದು ಪ್ರೌಢಶಾಲೆಯ ಮಕ್ಕಳಿಗೆ ಕಲಿಸುತ್ತೇವಲ್ಲ? ಅರಮನೆ ಎಂದರೆ ಅರಸನಲ್ಲ, ಮನೆ. ಮರಗಾಲು ಎಂದರೆ ಮರವಲ್ಲ, ಕಾಲು. ಕಡತದ ಹೆಸರೂ ಹಾಗೆಯೇ. ಮುಂದೆ ಏನೇ ಇರಲಿ, ಕೊನೆಯ ಚುಕ್ಕೆಯ ನಂತರದ ತುಂಡೇ ಅದು ಏನೆಂದು ಹೇಳುತ್ತದೆ. ಲಗ್ನಪತ್ರಿಕೆ ಎಂದು ಬರೆದು ಕೊನೆಗೆ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಫೋನಿನಲ್ಲಿ ಕೂರಲು ಬಂದ ಆ್ಯಪ್. ದಂಡದ ಚಲನ್, ಬ್ಯಾಂಕಿನ ಕೆವೈಸಿ, ಕಿಸಾನ್ ಯೋಜನೆಯ ಪಟ್ಟಿ, ಹೀಗೆ ಪೂರ್ವಪದ ಬದಲಾಗುತ್ತಲೇ ಇರುತ್ತದೆ, ಉತ್ತರಪದ ಮಾತ್ರ ಅದೇ. ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಪಿಕೆ ಎಂಬ ನಾಲ್ಕು ಉತ್ತರಪದಗಳನ್ನು ಗುರುತಿಸಲು ಮಕ್ಕಳಿಗೆ ಒಂದು ತರಗತಿ ಸಾಕು. ಜಿಪ್ ಎಂದರೆ ಕಟ್ಟಿದ ಗಂಟು, ಒಳಗಿರುವುದರ ಹೆಸರನ್ನು ಮತ್ತೆ ಓದಬೇಕು. ಉಳಿದ ಕಡತಗಳೆಲ್ಲ ಸುರಕ್ಷಿತ ಎಂದು ಮಾತ್ರ ಹೇಳಿಕೊಡಬೇಡಿ. ವರ್ಡ್ ಕಡತ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದು ‘ಎನೇಬಲ್ ಕಂಟೆಂಟ್’ ಒತ್ತಿ ಎಂದರೆ ಅಲ್ಲಿಯೂ ಕೈ ತಡೆಯಬೇಕು. ಪಿಡಿಎಫ್‌ನೊಳಗಿನ ಕೊಂಡಿಯೂ ಮೋಸದ ಪುಟಕ್ಕೆ ಕರೆದೊಯ್ಯಬಹುದು.

ಆ ಹುಡುಗನ ಕಾಕಾನ ಫೋನಿನಲ್ಲಿ ಆದದ್ದೂ ಎಪಿಕೆಯ ಕೆಲಸವೇ. ಮದುವೆಯ ಆಮಂತ್ರಣದ ವೇಷದಲ್ಲಿ ಬರುವ ಇಂಥ ಕಡತಗಳ ಬಗ್ಗೆ 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಸಿದ್ದರು. ಒತ್ತಿದ ಕೂಡಲೇ ಫೋನ್ ಒಂದು ಮಾತು ಕೇಳುತ್ತದೆ: ಗೊತ್ತಿಲ್ಲದ ಮೂಲದಿಂದ ಆ್ಯಪ್ ಹಾಕಲು ಅನುಮತಿ ಕೊಡುವಿರಾ? ಕೊಟ್ಟರೆ ಆ್ಯಪ್ ಮತ್ತೆ ಕೇಳುತ್ತದೆ: ನಿಮ್ಮ ಎಸ್ಎಂಎಸ್ ಓದಲೇ? ಅದಕ್ಕೂ ಹೂಂ ಎಂದರೆ ಬ್ಯಾಂಕಿನ ಒಟಿಪಿ ಕದ್ದವನ ಕೈಗೆ ನೇರವಾಗಿ ಹೋಗುತ್ತದೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ನಿಯಮವನ್ನು ಕಾಕಾ ಪಾಲಿಸಿಯೇ ಇದ್ದರು. ಅವರು ಯಾರಿಗೂ ಹೇಳಿರಲಿಲ್ಲ, ಫೋನೇ ಹೇಳಿತು. ಲಗ್ನಪತ್ರಿಕೆ ಓದಿಸಿಕೊಳ್ಳಲು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಕೇಳಿತೆಂದರೆ ಅದು ಪತ್ರಿಕೆಯಲ್ಲ. ಈ ಒಂದು ಮಾತನ್ನು ಅಕ್ಷರ ಬಾರದ ಅಜ್ಜಿಗೂ ತಿಳಿಸಬಹುದು.

ಭಾಷೆಯ ತಪ್ಪುಗಳನ್ನು ನೋಡಿ ಮೋಸದ ಪತ್ರ ಗುರುತಿಸಿ ಎಂಬ ಸಲಹೆಯ ಬಗ್ಗೆಯೂ ಒಂದು ಮಾತು. ಖಾನಾಪುರದ ಎಷ್ಟೋ ಮಕ್ಕಳ ಮನೆಮಾತು ಮರಾಠಿ, ಶಾಲೆಯಲ್ಲಿ ಕನ್ನಡ, ಸಂದೇಶ ಬರುವುದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಮೂರನೆಯ, ನಾಲ್ಕನೆಯ ಭಾಷೆಯ ದೋಷವನ್ನು ಅವರು ಹೇಗೆ ಹಿಡಿದಾರು? ಈಗಂತೂ ತಪ್ಪಿಲ್ಲದ ಪತ್ರವನ್ನು ಯಂತ್ರವೇ ಬರೆದುಕೊಡುತ್ತದೆ. ಇನ್ನು ಅಕ್ಷರದೋಷವೇ ಮೋಸದ ಗುರುತಾದರೆ ನಮ್ಮ ಸಿಬ್ಬಂದಿ ಗ್ರೂಪಿನ ಅರ್ಧ ಸಂದೇಶಗಳನ್ನು ಪೊಲೀಸರಿಗೆ ಒಪ್ಪಿಸಬೇಕಾದೀತು.

ಈಗ ನನಗೆ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಮೋಸದ ಪತ್ರ ಹೇಗಿರುತ್ತದೆ ಎಂದು ಪ್ರಶಿಕ್ಷಣಾರ್ಥಿಗಳನ್ನು ಕೇಳಿದೆ. ಮೇಲಿನವರ ಹೆಸರು, ಹತ್ತಿರದ ಗಡುವು, ತಪ್ಪಿದರೆ ಶಿಕ್ಷೆ, ಕೆಳಗೊಂದು ಲಗತ್ತು ಎಂದರು. ಸರಿಯಾದ ಉತ್ತರ. ಆಮೇಲೆ ನಮ್ಮ ಶಿಕ್ಷಣ ವಲಯದ ಜ್ಞಾಪನಗಳನ್ನು ನೆನಪಿಸಿಕೊಳ್ಳಿ ಎಂದೆ. ‘ಅತಿ ಜರೂರು. ಇಂದು ಸಂಜೆಯೊಳಗೆ ಲಗತ್ತಿಸಿದ ನಮೂನೆಯಲ್ಲಿ ಮಾಹಿತಿ ಸಲ್ಲಿಸುವುದು. ತಪ್ಪಿದಲ್ಲಿ ತಮ್ಮನ್ನೇ ಹೊಣೆ ಮಾಡಲಾಗುವುದು.’ ತರಗತಿಯಲ್ಲಿ ನಗು ಎದ್ದಿತು. ಅದು ನಗುವ ಮಾತಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗ್ರೂಪಿಗೆ ಬಂದ ಕಡತವನ್ನು ಕಣ್ಣುಮುಚ್ಚಿ ತೆರೆದು, ತುಂಬಿ, ಕಳುಹಿಸುವುದನ್ನೇ ಕರ್ತವ್ಯನಿಷ್ಠೆ ಎಂದು ನಾವು ಪರಸ್ಪರ ಕಲಿಸಿದ್ದೇವೆ. ‘ಇದು ನಿಮ್ಮಿಂದಲೇ ಬಂದದ್ದಾ ಸರ್?’ ಎಂದು ಫೋನ್ ಮಾಡಿ ಕೇಳಿದವರಿಗೆ ‘ಅಷ್ಟೂ ಗೊತ್ತಾಗಂಗಿಲ್ಲೇನು?’ ಎಂಬ ಉತ್ತರ ಸಿಗುತ್ತದೆ. ನಮ್ಮ ಈ ಅಭ್ಯಾಸವನ್ನೇ ಮೋಸಗಾರ ಬಳಸಿಕೊಳ್ಳುತ್ತಾನೆ.

ತರಗತಿಯಲ್ಲಿಯೂ ಇದೇ. ಹೇಳಿದ ಕೂಡಲೇ ಮಾಡುವ ಮಗು ಒಳ್ಳೆಯ ಮಗು. ಯಾಕೆ ಎಂದು ಕೇಳುವ ಮಗುವನ್ನು ‘ಎದುರುತ್ತರ’ ಎಂಬ ಹೆಸರಿಟ್ಟು ಕೂರಿಸುತ್ತೇವೆ. ಅಧಿಕಾರದ ದನಿ ಕೇಳಿದೊಡನೆ ಬಾಗುವುದನ್ನು ಹತ್ತು ವರ್ಷ ಕಲಿಸಿ, ಹದಿನೈದು ನಿಮಿಷದಲ್ಲಿ ಒಂದು ಚಾರ್ಟಿನಿಂದ ಅದನ್ನು ಅಳಿಸಲು ಹೊರಟಿದ್ದೇವೆ.

ಇದರ ಬೆಲೆ ದೂರದ ಊರಿನವರು ಮಾತ್ರ ತೆರುತ್ತಾರೆ ಎನ್ನುವಂತಿಲ್ಲ. 2025ರ ಮಾರ್ಚ್ ಕೊನೆಯ ವಾರದಲ್ಲಿ ಇದೇ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಯೋವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಊರು, ಹೆಸರು ಬರೆಯುವುದಿಲ್ಲ. ಇಲ್ಲಿನವರಿಗೆ ಗೊತ್ತು. ನಿಮ್ಮ ಹೆಸರಿನ ಸಿಮ್ ದುರ್ಬಳಕೆಯಾಗಿದೆ, ಬಂಧಿಸುತ್ತೇವೆ ಎಂದು ದೆಹಲಿಯ ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿದವರು ಅವರಿಂದ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಿತ್ತಿದ್ದರು. ಅಲ್ಲಿ ಬಂದದ್ದು ಲಗತ್ತಲ್ಲ, ಕರೆ. ಆದರೆ ಬಳಸಿದ ಸಾಮಗ್ರಿ ಒಂದೇ: ಮೇಲಿನವರ ಹೆಸರು, ಗಡುವು, ಬೆದರಿಕೆ, ಯಾರಿಗೂ ಹೇಳಬೇಡಿ ಎಂಬ ಅಪ್ಪಣೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಇದನ್ನೇ ಹೇಳಿದ್ದರು. ಮಾಹಿತಿ ದೇಶದಲ್ಲೆಲ್ಲ ಪ್ರಸಾರವಾಗಿ ಐದು ತಿಂಗಳ ಮೇಲೆ ಈ ಸಾವುಗಳು ಸಂಭವಿಸಿದವು. ಮಾಹಿತಿಯೊಂದೇ ಸಾಲುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಿಲ್ಲ. ಆ ಸುದ್ದಿ ಓದಿದ ದಿನ ನನ್ನ ‘ವೈರ್ ಸಡಿಲಾಗಿರಬೇಕು’ ನೆನಪಾಯಿತು. ನನ್ನದು ಒಂದು ಸಂಜೆಯ ನಾಚಿಕೆ, ಕಾಕಾನದು ಕೆಲವು ದಿನಗಳದು. ಆ ಹಿರಿಯರು ಅದನ್ನು ಎಷ್ಟು ಕಾಲ ಹೊತ್ತರೋ.

ಆದ್ದರಿಂದ ಬೋಧನಾಭ್ಯಾಸದಲ್ಲಿ ಈ ಪಾಠಕ್ಕೆ ಅಂಕ ಕೊಡುವಾಗ ನಾನು ಈಗ ಬೇರೆಯದನ್ನು ನೋಡುತ್ತೇನೆ. ಮಕ್ಕಳ ಮನೆಗಳಲ್ಲಿ ಯಾವ ದಾರಿಯಿಂದ ಕಡತ ಬರುತ್ತದೆ ಎಂದು ಪ್ರಶಿಕ್ಷಣಾರ್ಥಿ ಮೊದಲು ಕೇಳಿ ತಿಳಿದುಕೊಂಡರೇ? ಕಪ್ಪುಹಲಗೆಯ ಮೇಲೆ ಕಡತಗಳ ಪೂರ್ತಿ ಹೆಸರು ಬರೆದು ಉತ್ತರಪದ ಗುರುತಿಸಲು ಬಿಟ್ಟರೇ? ಒಬ್ಬ ಹುಡುಗ ‘ಮೇಲಧಿಕಾರಿ’ಯಾಗಿ ಜೋರು ಮಾಡುವಾಗ ಇನ್ನೊಬ್ಬಳು “ಸ್ವಲ್ಪ ತಡೀರಿ, ನನ್ನ ಹತ್ತಿರ ಇರೋ ನಂಬರಿಗೆ ಫೋನ್ ಮಾಡಿ ಕೇಳಿ ಬರ್ತೀನಿ” ಎಂದು ಬಾಯಿ ತೆರೆದು ಹೇಳಿದಳೇ? ಈ ವಾಕ್ಯವನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಲದು, ನಾಲಿಗೆಗೆ ರೂಢಿಯಾಗಬೇಕು. ಸಂದೇಶದಲ್ಲಿ ಕೊಟ್ಟ ನಂಬರಿಗೆ ಕರೆ ಮಾಡಿದರೆ ಎತ್ತುವವನು ಕಳ್ಳನೇ ಎಂಬುದನ್ನೂ ಅಭಿನಯದಲ್ಲೇ ತೋರಿಸಬಹುದು.

ಎಡವಿದ ಮೇಲಿನ ಪಾಠವನ್ನು ನಾವು ಪೂರ್ತಿಯಾಗಿ ಬಿಟ್ಟೇಬಿಟ್ಟಿದ್ದೇವೆ. ಫೋನಿನಲ್ಲಿ ತಪ್ಪು ಕಡತ ಒತ್ತಿದ್ದರೆ ಮೊದಲು ಡೇಟಾ ಮತ್ತು ವೈಫೈ ಆರಿಸಬೇಕು, ಏರೋಪ್ಲೇನ್ ಮೋಡ್ ಹಾಕಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಬೇರೆಯವರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಬೇಕು. ಅದು ಸೈಬರ್ ಹಣಕಾಸು ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಕಂಪ್ಯೂಟರಾದರೆ ನೆಟ್‌ವರ್ಕ್ ತಂತಿ ಕೀಳಬೇಕು, ಪಕ್ಕದ ಕೋಣೆಗೆ ಓಡಿ ಹೇಳಬೇಕು. ಗ್ರೂಪುಗಳಿಗೆ ‘ನನ್ನ ನಂಬರಿಂದ ಬರುವುದನ್ನು ತೆರೆಯಬೇಡಿ’ ಎಂದು ಇನ್ನೊಬ್ಬರಿಂದ ಹೇಳಿಸಬೇಕು. ಕಾಕಾ ಮೊದಲ ಗಂಟೆಯಲ್ಲೇ ಕಾಕೂಗೆ ಹೇಳಿದ್ದರೆ ಇಷ್ಟೂ ಕೆಲಸ ಆಕೆಯ ಫೋನಿನಿಂದಲೇ ಆಗುತ್ತಿತ್ತು.

ಇದೆಲ್ಲ ಕಂಪ್ಯೂಟರ್ ಶಿಕ್ಷಕರ ಕೆಲಸ, ಭಾಷಾ ಶಿಕ್ಷಕರಿಗೆ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಾವು ನೋಡುವ ಎಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಕರಿದ್ದಾರೆ ಎಂದು ನಾನು ಕೇಳಿದೆ. ಪತ್ರವನ್ನು ಬರೆಯಲು ಕಲಿಸುವವರು ಪತ್ರವನ್ನು ಅನುಮಾನಿಸಿ ಓದುವುದನ್ನೂ ಕಲಿಸಬೇಕಾಗುತ್ತದೆ. ಅವರು ಪೂರ್ತಿ ಒಪ್ಪಲಿಲ್ಲ.

ಎರಡು ವಾರದ ನಂತರ ಅದೇ ಶಾಲೆಯಲ್ಲಿ, ಅದೇ ಪ್ರಶಿಕ್ಷಣಾರ್ಥಿ ಆ ಪಾಠವನ್ನು ಮತ್ತೆ ಮಾಡಿದರು. ಚಾರ್ಟ್ ತರಲಿಲ್ಲ. ಗದ್ದಲ ಹೆಚ್ಚಾಗಿತ್ತು, ಸಮಯ ಮೀರಿತು, ಸಮಾಸದ ಉದಾಹರಣೆಯಲ್ಲಿ ಒಂದು ಕಡೆ ತಪ್ಪಿದರು. ಮೊದಲ ಸಲಕ್ಕಿಂತ ಹೆಚ್ಚು ಅಂಕ ಕೊಟ್ಟೆ.

ಅಂದು ರಾತ್ರಿ ಒಂಬತ್ತೂವರೆಗೆ ಅವರಿಂದ ಫೋನ್ ಬಂತು. ಸಂಜೆ ನಾನು ಗ್ರೂಪಿಗೆ ಮುಂದಿನ ವಾರದ ವೇಳಾಪಟ್ಟಿ ಹಾಕಿದ್ದೆ.

“ಮೇಡಂ, ಆ ಪಿಡಿಎಫ್ ನೀವ ಕಳಿಸಿದ್ದೇನ್ರಿ?”

ಊಟದ ತಟ್ಟೆಯ ಮುಂದಿದ್ದೆ. ಒಂದು ಕ್ಷಣ ಸಿಟ್ಟು ಬಂತು. “ಹೌದವಾ, ನಾನ ಕಳಿಸಿದ್ದು” ಎಂದೆ.

“ಹಂಗಾರ ತೆಗೀತೀನ್ರಿ” ಎಂದು ಫೋನ್ ಇಟ್ಟರು.